ಗೋಡೆಯ ಮೇಲೆ ತಲೆಕೆಳಗಾದ ಬೀದಿ

ಹಲಗೆ ಮಾವ ಎಂದರೆ ಆ ಕಡಲ ದಂಡೆಯ ಊರಿನಲ್ಲಿ ಎಳೆಮಕ್ಕಳಿಗೂ ಗೊತ್ತು. ಹಾಗಂತ ಅವನು ಯಾರಿಗೂ ಸೋದರಮಾವನಲ್ಲ, ಹೆಣ್ಣು ಕೊಟ್ಟ ಮಾವನೂ ಅಲ್ಲ. ಮೂವತ್ತೊಂದು ವರ್ಷದಿಂದ, ಚಂಡಮಾರುತದ ಕಾಲ ಬಂತೆಂದರೆ ಏಣಿ ಹೆಗಲಿಗೇರಿಸಿ ಮನೆಮನೆಯ ಕಿಟಕಿಗೂ ಹೊರಗಿನಿಂದ ಹಲಗೆ ಹೊಡೆದುಕೊಂಡು ಬಂದಿದ್ದಾನೆ. ಅಷ್ಟಕ್ಕೇ ಊರಿಗೆಲ್ಲ ಮಾವನಾಗಿಬಿಟ್ಟ.

ಹಲಗೆ ಹೊಡೆಯುವುದೆಂದರೆ ನಾಲ್ಕು ಮೊಳೆ ಬಡಿದು ಕೈ ತೊಳೆದುಕೊಳ್ಳುವ ಕೆಲಸವಲ್ಲ ಸ್ವಾಮಿ. ಮೊದಲು ಸೂರಿನ ತಗಡು ತಟ್ಟಿ ನೋಡಬೇಕು. ಸೂರಿನಂಚಿನ ಮಳೆನೀರಿನ ದೋಣಿಯಲ್ಲಿ ಕೊಳೆತ ಎಲೆ ಬಳಿದು ಹಾಕಬೇಕು. ಬೋಲ್ಟಿನ ತುಕ್ಕು ಉಜ್ಜಿ ಗ್ರೀಸು ಹಚ್ಚಬೇಕು, ತೇವಕ್ಕೆ ಉಬ್ಬಿದ ಬಾಗಿಲಿಗೆ ಉಜ್ಜುಗೊರಡು ಹಾಕಬೇಕು, ಕಪಾಟು ಸರಿಸಿ ಅದರ ಬೆನ್ನಿಗೆ ಬೂಷ್ಟು ಬಂದಿದೆಯಾ ಎಂದು ಮೂಸಬೇಕು. ಇಷ್ಟೆಲ್ಲ ಆದ ಮೇಲೆ ಹಲಗೆ. "ಬೆರಳು ತೂರೋವಷ್ಟು ಸಂದಿ ಬಿಟ್ರೂ ಗಾಳಿ ಒಳಗೆ ನುಗ್ಗಿ ಸೂರನ್ನೇ ಎತ್ಕೊಂಡು ಹೋಗುತ್ತೆ" ಎಂದು ಅವನು ಪ್ರತಿ ಮನೆಯಲ್ಲೂ ಹೇಳುತ್ತಿದ್ದ. ಕೇಳಿ ಕೇಳಿ ಊರಿನವರಿಗೆ ಬಾಯಿಪಾಠವಾಗಿತ್ತು.

ಅವನದೊಂದು ಪದ್ಧತಿಯಿತ್ತು. ಬಿರುಗಾಳಿಯ ಎಚ್ಚರಿಕೆ ಬಂದ ಮೇಲೆ ಊರೆಲ್ಲ ಒಟ್ಟಿಗೇ ಮಾವಾ ಮಾವಾ ಎಂದು ಕೂಗುತ್ತದೆ, ಆಗ ಸ್ವಂತ ಮನೆಗೆ ಪುರಸೊತ್ತೆಲ್ಲಿ? ಹಾಗಾಗಿ ಕಾಲ ಶುರುವಾಗುವ ಮೊದಲ ವಾರವೇ ತನ್ನ ಮನೆ ಮುಚ್ಚಿಬಿಡುತ್ತಿದ್ದ, ಎಲ್ಲರ ಮನೆ ತೆರೆದಾದ ಮೇಲೆ ತನ್ನದನ್ನು ತೆರೆಯುತ್ತಿದ್ದ. ಊರಿಗೆ ನಾಲ್ಕು ದಿನದ ಕತ್ತಲಾದರೆ ಅವನ ಹೆಂಡತಿಗೆ ವರ್ಷವರ್ಷವೂ ಮೂರು ತಿಂಗಳ ಕತ್ತಲು. ಆ ಪುಣ್ಯಾತ್ಗಿತ್ತಿ ಒಂದು ದಿನವೂ ತಕರಾರು ಮಾಡಿರಲಿಲ್ಲ. ಮಧ್ಯಾಹ್ನವೆಲ್ಲ ಹೊಸ್ತಿಲ ಮೇಲೆ ಕೂತು ಹೋಗುವವರನ್ನು ಬರುವವರನ್ನು ಮಾತಾಡಿಸಿ ಕಾಲ ಹಾಕುತ್ತಿದ್ದಳು. ಮಾವನಿಗೂ ಅದೊಂದು ಕಷ್ಟ ಎಂದು ಹೊಳೆದಿರಲಿಲ್ಲ.

ಈ ವರ್ಷ ಹೊಸ್ತಿಲೂ ಇಲ್ಲವಾಯಿತು. ಬಚ್ಚಲಲ್ಲಿ ಜಾರಿ ಬಿದ್ದು ಅವಳ ಸೊಂಟದ ಮೂಳೆ ಮುರಿದಿತ್ತು. ಮೂಳೆಯೇನೋ ಕೂಡಿತು, ಧೈರ್ಯ ಕೂಡಲಿಲ್ಲ. ಡಾಕ್ಟರು ಮಾವನನ್ನು ಬಾಗಿಲ ಹೊರಗೆ ಕರೆದು ಹೇಳಿದರು: "ಈ ತಿಂಗಳಲ್ಲಿ ಅವರು ಎದ್ದು ನಾಲ್ಕು ಹೆಜ್ಜೆ ಹಾಕಲೇಬೇಕು. ಇಲ್ದಿದ್ರೆ ಕಾಲು ಮಾತು ಕೇಳೋದನ್ನೇ ಬಿಟ್ಟುಬಿಡುತ್ತೆ." ಮಾವ ಗೋಗರೆದ, ಗದರಿದ, ಕೈ ಹಿಡಿದು ಎಬ್ಬಿಸಲು ನೋಡಿದ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಊಟಕ್ಕೂ ಹೂಂ ಉಹೂಂ ಅಷ್ಟೇ.

ಅಂಥ ಹೊತ್ತಿನಲ್ಲಿ ಅವಳು ಮಲಗಿದ್ದ ಕೋಣೆಯ ಕಿಟಕಿಗೂ ಹಲಗೆ ಹೊಡೆದ. ನಯವಾದ ಹಲಗೆಗಳನ್ನೆಲ್ಲ ಬೇರೆಯವರ ಮನೆಗೆಂದು ಎತ್ತಿಟ್ಟಿದ್ದ. ಉಳಿದದ್ದು ಗಂಟುಗಂಟಿನ ಒಂದು ಹಳೇ ಹಲಗೆ, ನಮ್ಮನೆಗೆ ಇಷ್ಟು ಸಾಕು ಅಂದುಕೊಂಡ. ಮೂರನೇ ದಿನ ಆ ಹಲಗೆಯ ಒಂದು ಗಂಟು ಉದುರಿ ಬಿತ್ತು. ಊರಿಗೆಲ್ಲ ಸಂದಿ ಬಿಡಬೇಡಿ ಎನ್ನುವವನ ಮನೆಯಲ್ಲೇ ಹೆಬ್ಬೆರಳಿನಷ್ಟು ತೂತು! ನಾಚಿಕೆಯಾಗಿ, ತೂತು ಮೆತ್ತಲು ಪುಟ್ಟಿ ಡಬ್ಬಿ ಹಿಡಿದು ಕೋಣೆಗೆ ಬಂದ.

"ಮುಟ್ಬೇಡಿ ಅದನ್ನ."

ಮಾವ ನಿಂತಲ್ಲೇ ನಿಂತ. ಮೂರು ವಾರದಲ್ಲಿ ಅವಳು ಆಡಿದ ಮೊದಲ ಪೂರ್ತಿ ಮಾತು ಅದು.

"ಗೋಡೆ ನೋಡ್ರೀ" ಎಂದಳು.

ನೋಡಿದ. ಸುಣ್ಣದ ಗೋಡೆಯ ಮೇಲೆ ಬೀದಿ ಇತ್ತು. ಹೊರಗಿನ ಬಿಸಿಲು ಆ ತೂತಿನಲ್ಲಿ ನುಸುಳಿ ಇಡೀ ಬೀದಿಯನ್ನು ತಲೆಕೆಳಗು ಮಾಡಿ ತಂದು ಅಲ್ಲಿ ಹಾಸಿತ್ತು. ರಸ್ತೆ ಮೇಲೆ, ಆಕಾಶ ನೆಲದ ಹತ್ತಿರ. ಎದುರು ಮನೆ ಚಾವಣಿಯಿಂದ ಜೋತುಬಿದ್ದಿತ್ತು. ಸೈಕಲ್ಲೊಂದು ಸದ್ದಿಲ್ಲದೆ ಮೇಲುಗಡೆ ತೇಲಿ ಹೋಯಿತು, ಹಿಂದೆಯೇ ಹಳದಿ ಕೊಡೆಯೊಂದು ನೀಲಿಯೊಳಗೆ ಅದ್ದಿಕೊಂಡು ನಡೆಯಿತು. ಎಲ್ಲ ಮಸುಕು ಮಸುಕು, ಬಣ್ಣ ಮಾತ್ರ ಹಸಿಹಸಿ.

"ಕೊಡೆ ಹಿಡಿದಿರೋದು ಯಾರು ಗೊತ್ತಾ? ನಮ್ಮ ದರ್ಜಿ" ಎಂದಳು ಹೆಂಡತಿ. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವವಳ ಬಗ್ಗೆ ಅವಳು ಹೇಳಿದ್ದು. "ನಡಿಗೆ ನೋಡಿ, ಥೇಟ್ ಬಾತುಕೋಳಿ. ತಲೆಕೆಳಗಾದ್ರೂ ಬಿಂಕ ಬಿಟ್ಟಿಲ್ಲ!"

ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾವನಿಗೆ ಪುಟ್ಟಿ ಡಬ್ಬಿಯ ನೆನಪೇ ಹೋಯಿತು. ಚಪ್ಪಲಿ ಬಿಟ್ಟು, ಅವಳ ಪಕ್ಕ ಒರಗಿಕೊಂಡ.

ಆಮೇಲೆ ದಿನಾ ಮಧ್ಯಾಹ್ನ ಇದೇ ಆಯಿತು. ಏಣಿ ಯಾರ ಮನೆಗೇ ಒರಗಿರಲಿ, ಎರಡು ಗಂಟೆಗೆ ಮಾವ ಮನೆಯಲ್ಲಿ ಹಾಜರು. ಇಬ್ಬರೂ ಅಕ್ಕಪಕ್ಕ ಮಲಗಿ ಆಕಾಶ ನೆಲಕ್ಕಿಳಿಯುವುದನ್ನು ನೋಡುವರು. ಮೋಡಗಳು ಮಂಚದ ಕಾಲಿನ ಹತ್ತಿರ ಬಂದು ಹಾದು ಹೋಗುತ್ತಿದ್ದವು. ತಮ್ಮ ಮನೆ ಎಲ್ಲಿಯೋ ನೀರಿನಡಿ ಇದೆ, ಜನ ಮೇಲೆ ತೇಲುತ್ತಿದ್ದಾರೆ ಎಂದು ಮಾವನಿಗೆ ಅರೆನಿದ್ದೆಯಲ್ಲಿ ಅನಿಸುತ್ತಿತ್ತು. ಅವಳು ಊಟ ಮಾಡತೊಡಗಿದಳು, ಬೈಯತೊಡಗಿದಳು. ಆದರೆ ಎದ್ದೇಳು ಅಂದರೆ ಮಾತ್ರ, "ಇಲ್ಲಿಂದಲೇ ಎಲ್ಲ ಕಾಣುತ್ತಲ್ಲ" ಎನ್ನುತ್ತಿದ್ದಳು. ತಿಂಗಳು ಮುಗಿಯಲು ಆರೇ ದಿನ ಉಳಿದವು.

ಅಷ್ಟರಲ್ಲಿ ಎಚ್ಚರಿಕೆ ಬಂತು.

"ಈಗ ಮುಚ್ಚಲೇಬೇಕು ಕಣೇ" ಎಂದ ಮಾವ.

"ಮುಚ್ಚಿ. ಆದ್ರೆ ಪುಟ್ಟಿ ಮೆತ್ತಬೇಡಿ. ತೆಗೆಯೋ ಹಾಗಿರಲಿ."

ಮಾವ ಕೂತು ಮರದ ಬಿರಡೆಯೊಂದನ್ನು ಕೆತ್ತಿದ. ಹೊರಬದಿಗೆ ದಪ್ಪ, ಒಳಬದಿಗೆ ಸಣ್ಣ. ಗಾಳಿ ಎಷ್ಟು ನೂಕಿದರೂ ಅದು ಬಿಗಿಯುತ್ತದೆಯೇ ಹೊರತು ಒಳಗೆ ಬೀಳದು. ತೆಗೆಯಬೇಕಾದರೆ ಒಳಗಿನಿಂದ ಗುದ್ದಿ ಹೊರಕ್ಕೆ ಬೀಳಿಸಬೇಕು. ಹೊರಗೆ ಹೋಗಿ ಸುತ್ತಿಗೆಯಿಂದ ಎರಡೇಟು ಹಾಕಿದ, ಒಳಗೆ ಗೋಡೆಯ ಮೇಲಿನ ಬೀದಿ ಫಕ್ಕನೆ ಆರಿತು.

ಗಾಳಿ ಒಂದು ದಿನ ಪೂರ್ತಿ ಊರನ್ನು ಅಲ್ಲಾಡಿಸಿತು. ಗಂಡ ಹೆಂಡತಿ ಕೈ ಹಿಡಿದುಕೊಂಡು ಕತ್ತಲಲ್ಲಿ ಕೂತರು. ಸೂರು ನರಳಿತು, ಹಲಗೆ ಕೊಸರಾಡಿತು. ಬಿರಡೆ ಮಾತ್ರ ಮಿಸುಕಲಿಲ್ಲ.

ಮರುದಿನ ಬೆಳಗ್ಗೆ ತೊಳೆದಿಟ್ಟಂಥ ಬಿಸಿಲು. ಬೀದಿಯ ತುಂಬ ಮಾವಾ ಮಾವಾ. ಕಿಟಕಿ ತೆರೆಸಿಕೊಳ್ಳಲು ಎಲ್ಲರಿಗೂ ಅವಸರ. ಹೆಂಡತಿಗಿನ್ನೂ ನಿದ್ದೆ. ದರ್ಜಿಗೆ, "ಸ್ವಲ್ಪ ನೋಡ್ಕೊಳ್ಳಮ್ಮ, ಮಧ್ಯಾಹ್ನಕ್ಕೆ ಬಂದುಬಿಡ್ತೀನಿ" ಎಂದು ಹೇಳಿ ಹೊರಟ. ಒಂದು ಮನೆ ಹತ್ತಾಯಿತು. ಎರಡು ಗಂಟೆ ದಾಟಿದ್ದು ಗೊತ್ತಾದಾಗ ಗಂಟೆ ನಾಲ್ಕು. ಅದರ ಮೇಲೆ ದರ್ಜಿಯೇ ದಾರಿಯಲ್ಲಿ ಎದುರಾದಳು.

"ಅಯ್ಯೋ ಮಾವ, ನಮ್ಮ ತಗಡು ಹಾರಿ ಯಾರದೋ ಅಂಗಳಕ್ಕೆ ಬಿದ್ದಿದೆ. ಬೆಳಗ್ಗಿಂದ ಅದನ್ನ ಹುಡುಕೋದ್ರಲ್ಲೇ ಇದೀನಿ. ನೀವು ಮಧ್ಯಾಹ್ನಕ್ಕೇ ಮನೆಗೆ ಬಂದಿದ್ದೀರಿ ಅಂದ್ಕೊಂಡೆ!"

ಬೆಳಗ್ಗಿನಿಂದ ಹೆಂಡತಿಯೊಬ್ಬಳೇ, ಆ ಕತ್ತಲಲ್ಲಿ. ಏಣಿಯನ್ನು ಅಲ್ಲೇ ಬಿಸಾಡಿ ಮಾವ ಓಡಿದ. ಮನೆಯ ಮುಂದೆ ಕಿಟಕಿಯ ಕೆಳಗೆ, ಒದ್ದೆ ಮಣ್ಣಿನಲ್ಲಿ ಬಿರಡೆ ಬಿದ್ದಿತ್ತು. ಹಲಗೆಯ ತೂತು ತೆರೆದಿತ್ತು. ಯಾರು ಗುದ್ದಿದರು? ಮನೆಯಲ್ಲಿ ಯಾರಿದ್ದಾರೆ?

ಒಳಗೆ ಬಂದರೆ ಹೆಂಡತಿ ಕಿಟಕಿಯ ಪಕ್ಕ ಗೋಡೆಗೆ ಒರಗಿ ನಿಂತಿದ್ದಳು. ಕಾಲು ಗಡಗಡ ನಡುಗುತ್ತಿತ್ತು. ಕೈಯಲ್ಲಿ ಸೌಟು. ಸೌಟು ಇರುವುದು ಅಡುಗೆಮನೆಯಲ್ಲಿ. ಅಡುಗೆಮನೆ ಇರುವುದು ಹಜಾರ ದಾಟಿ ಆ ತುದಿಗೆ.

"ಎಲ್ಲಿ ಹಾಳಾಗಿ ಹೋಗಿದ್ರಿ?" ಎಂದಳು. "ಎರಡು ಗಂಟೆ ಆಯ್ತು, ಮೂರಾಯ್ತು. ಕಾದು ಕಾದು ಸಾಕಾಯ್ತು ನನಗೆ. ಊರು ಉಳಿದಿದೆಯೋ ಇಲ್ವೋ ಅಂತ ನೋಡೋದು ಬೇಡ್ವಾ?"

ಮಾವ ಹಿಡಿದುಕೊಳ್ಳಲು ಕೈ ಚಾಚಿದ. ಅವಳು ಸೌಟಿನಿಂದಲೇ ಆ ಕೈ ತಳ್ಳಿದಳು.

"ನೀವು ಮಂಚದ ಮೇಲೆ ಕೂತ್ಕೊಳ್ಳಿ. ಇಷ್ಟು ದಿನ ಎಲ್ಲರನ್ನೂ ನೋಡಿದ್ದಾಯ್ತು. ನಾನು ಹೇಗೆ ಕಾಣ್ತೀನಿ ಅಂತ ನೋಡಿ ಹೇಳಿ."

"ಬಿದ್ದುಗಿದ್ದುಬಿಟ್ಟೀಯ ಕಣೇ..."

"ಕೂತ್ಕೊಳ್ಳಿ ಅಂದ್ನಲ್ಲ!"

ಕೂತ. ಗೋಡೆ ಹಿಡಿದು ಹೆಜ್ಜೆ ಎಳೆಯುವ ಸದ್ದು ಹಜಾರಕ್ಕೆ ಹೋಯಿತು, ಹೊಸ್ತಿಲ ಹತ್ತಿರ ನಿಂತಿತು. ಎಷ್ಟೋ ಹೊತ್ತು ಏನೂ ಕೇಳಲಿಲ್ಲ. ಎದ್ದು ಓಡಿಬಿಡಲೇ ಅನ್ನಿಸಿತು ಮಾವನಿಗೆ. ಹಲ್ಲು ಕಚ್ಚಿ ಕೂತ.

ಆಗ ಗೋಡೆಯ ಅಂಚಿನಲ್ಲಿ ಹಸಿರು ಬಟ್ಟೆಯೊಂದು ಕಂಡಿತು. ಅವಳು ಬಂದಳು. ತಲೆ ಕೆಳಗಾಗಿ, ಬೇಲಿ ಹಿಡಿದುಕೊಂಡು, ಒಂದೊಂದೇ ಹೆಜ್ಜೆ. ಕೆಳಗೆ ಅಷ್ಟಗಲ ನೀಲಿ ಆಕಾಶ. ಬೀದಿಯ ನಡುವೆ ಬಂದು ನಿಂತು, ಈ ಕಡೆ ತಿರುಗಿ ಸೌಟು ಎತ್ತಿ ಆಡಿಸಿದಳು.

"ಕಾಣ್ತೀನಾ?" ಎಂದು ಹೊರಗಿನಿಂದ ಕೂಗಿದಳು.

ಮಾವ ಅಳುತ್ತಿದ್ದ. ಮೂವತ್ತೊಂದು ವರ್ಷ ಇವಳನ್ನು ಈ ಕತ್ತಲಲ್ಲಿ ಕೂರಿಸಿದೆನಲ್ಲ ಎಂದು ಅಳುತ್ತಿದ್ದ, ಅವಳು ನಡೆಯುತ್ತಿದ್ದಾಳಲ್ಲ ಎಂದೂ ಅಳುತ್ತಿದ್ದ.

"ಕಾಣ್ತೀಯ" ಎಂದು ಕೂಗಿದ. "ಇನ್ನೂ ಸ್ವಲ್ಪ ನಡಿ."