ಕನ್ನಡಕಕ್ಕೆ ವಿಭೂತಿ

ಧನುರ್ಮಾಸದಲ್ಲಿ ಬೆಳಗಿನ ಜಾವ ಎದ್ದು ದೇವರ ದರ್ಶನ ಮಾಡಿದರೆ ಪುಣ್ಯ ಅನ್ನುತ್ತಾರೆ. ಪುಣ್ಯದ ವಿಷಯ ನನಗೆ ಗೊತ್ತಿಲ್ಲ, ಹುಗ್ಗಿಯ ವಿಷಯ ಗೊತ್ತು. ಬನ್ನಿಮಂಟಪದ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹೊರಟು, ಮಂಡಿ ಮೊಹಲ್ಲಾದಲ್ಲಿ ಅಕ್ಕನನ್ನು ಹಿಂದೆ ಕೂರಿಸಿಕೊಂಡು, ಈಶ್ವರನ ಗುಡಿಯಲ್ಲಿ ಬಿಸಿ ಹುಗ್ಗಿ ದೊನ್ನೆಗೆ ಬೀಳುವ ಹೊತ್ತಿಗೆ ಸರಿಯಾಗಿ ಹೋಗಿ ನಿಲ್ಲುವುದೇ ನಮ್ಮಿಬ್ಬರ ಭಕ್ತಿ. ಮಂಗಳಾರತಿ ತಪ್ಪಿದರೆ ಶಿವ ಏನೂ ಅಂದುಕೊಳ್ಳುವುದಿಲ್ಲ. ಹುಗ್ಗಿ ತಪ್ಪಿದರೆ ಅಕ್ಕ ಅಂದುಕೊಳ್ಳುತ್ತಾಳೆ.

ಆ ಚಳಿಯಲ್ಲಿ ನನ್ನ ವೇಷ ನೋಡಬೇಕು. ಸೀರೆಯ ಮೇಲೆ ಸ್ವೆಟರು, ಮೂಗು ಮುಚ್ಚುವಂತೆ ಸುತ್ತಿದ ಮಫ್ಲರು, ಅದರ ಮೇಲೆ ಹೆಲ್ಮೆಟ್ಟು, ಇಷ್ಟರ ಒಳಗೆಲ್ಲೋ ಒಂದು ಕನ್ನಡಕ. ಒಂದು ಉಸಿರು ಬಿಟ್ಟರೆ ಸಾಕು, ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ ಹಬೆ ಕೂರುತ್ತಿತ್ತು. ಎದುರಿಗೆ ಬರುವುದು ಆಟೋನೋ ಎಮ್ಮೆಯೋ ತಿಳಿಯುತ್ತಿರಲಿಲ್ಲ. ಎರಡಕ್ಕೂ ದಾರಿ ಬಿಡಬೇಕು ಅನ್ನುವುದಷ್ಟೇ ಅನುಭವದಿಂದ ಗೊತ್ತಿತ್ತು. ಹೀಗೆ ಒಂದು ಬೆಳಿಗ್ಗೆ, ಅಕ್ಕನಿಗೆ ಹೇಳಬೇಕಾದ್ದನ್ನೆಲ್ಲ ಒಬ್ಬಳೇ ಹೇಳಿಕೊಳ್ಳುತ್ತಾ ಹೋಗುವಾಗ, ಹಾಲಿನ ಬೂತಿನ ಮುಂದೆ ಜೋಡಿಸಿಟ್ಟಿದ್ದ ಖಾಲಿ ಕ್ರೇಟುಗಳಿಗೆ ಹೋಗಿ ಗುದ್ದಿದೆ. ಪುಣ್ಯಕ್ಕೆ ಅಕ್ಕ ಇನ್ನೂ ಗಾಡಿ ಹತ್ತಿರಲಿಲ್ಲ. ನನ್ನ ಮಂಡಿ ತರಚಿತು, ಮಡ್‌ಗಾರ್ಡು ಸೊಟ್ಟಗಾಯಿತು.

ನಮ್ಮ ಮನೆಯವರು ನಿವೃತ್ತರಾದ ಮೇಲೆ ನನ್ನ ಭದ್ರತೆಯನ್ನೇ ಉದ್ಯೋಗ ಮಾಡಿಕೊಂಡಿದ್ದಾರೆ. ಗೇಟಿನ ಹತ್ತಿರವೇ ತೀರ್ಪು ಕೊಟ್ಟರು.

"ಇನ್ನೊಂದ್ ಸಲ ಬಿದ್ದೆ ಅಂದ್ರೆ ಗಾಡಿ ಮಾರ್ಬುಡ್ತೀನಿ. ಅರವತ್ತಾಯ್ತು ಕಣೇ, ಸಾಕು."

ಗಾಡಿ ನನ್ನದು, ಅದರ ಪೆಟ್ರೋಲು ನನ್ನದು, ಬಿದ್ದ ಮಂಡಿಯೂ ನನ್ನದು. ಮಾರುವವರು ಮಾತ್ರ ಇವರು. ಮೈಯೆಲ್ಲ ಉರಿಯಿತು. ಆದರೆ ಸೊಟ್ಟ ಮಡ್‌ಗಾರ್ಡು ಪಕ್ಕದಲ್ಲೇ ಸಾಕ್ಷಿ ನಿಂತಿತ್ತು. ಗಾಡಿ ಉಳಿಯಬೇಕಾದರೆ ಮೊದಲು ಈ ಹಬೆಗೆ ಒಂದು ಗತಿ ಕಾಣಿಸಬೇಕಿತ್ತು.

ಎದುರು ಮನೆಯಾಕೆ ಸೋಪು ಹಚ್ಚಿ ಅಂದರು. ತೆಳ್ಳಗೆ ಸವರಿ ಚೆನ್ನಾಗಿ ಒರೆಸಬೇಕಂತೆ. ನನ್ನ ಕೈ ತೆಳ್ಳಗೆ ಅನ್ನುವುದನ್ನು ಹುಟ್ಟಿದಾರಭ್ಯ ಕಲಿತಿಲ್ಲ. ದಾರಿಯಲ್ಲಿ ನೊರೆ ಕಣ್ಣಿಗಿಳಿದು, ಗುಡಿಯೊಳಗೆ ಧಾರಾಕಾರ ಅಳುತ್ತಾ ನಿಂತೆ. ಪಕ್ಕದಲ್ಲಿದ್ದ ಹೆಂಗಸು ನನ್ನ ಭಕ್ತಿ ನೋಡಿ ಕೈ ಮುಗಿದಳು.

ಆಮೇಲೆ ನನ್ನದೇ ತಲೆ ಓಡಿಸಿದೆ. ನಮ್ಮದು ವಿಭೂತಿಯ ಮನೆ. ಹಣೆಗೂ ಅದೇ, ಬೆಳ್ಳಿ ತಟ್ಟೆ ಕಪ್ಪಾದರೂ ಅದೇ. ಒಣ ಬಟ್ಟೆಯಲ್ಲಿ ವಿಭೂತಿ ಹಾಕಿ ಉಜ್ಜಿದರೆ ಅಜ್ಜಿಯ ಕಾಲದ ಬಟ್ಟಲೂ ಥಳಥಳ ಅನ್ನುತ್ತದೆ. ಬೆಳ್ಳಿಗೆ ಆಗಿದ್ದು ಗಾಜಿಗೆ ಆಗುವುದಿಲ್ಲವೇ? ಶಿವನಾಮ ಹೇಳಿಕೊಂಡು ಕನ್ನಡಕವನ್ನು ಎರಡೂ ಕಡೆ ತಿಕ್ಕಿದೆ. ಮಾರನೆಯ ದಿನ ಬೀದಿ ದೀಪ ಒಂದೊಂದಕ್ಕೂ ನಾಲ್ಕು ದಿಕ್ಕಿಗೆ ಬಾಲ ಬಂದಿತ್ತು. ಕನ್ನಡಕದ ಅಂಗಡಿಯವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಏನಮ್ಮಾ, ಕಲ್ಲ ಮೇಲೆ ಉಜ್ಜಿದ್ರಾ?" ಅಂದರು. ವಿಭೂತಿಯಲ್ಲಿ ಅಂತ ಹೇಳುವುದಕ್ಕೆ ನಾಚಿಕೆಯಾಗಿ ಹೂಂ ಅಂದುಬಿಟ್ಟೆ. ಹೊಸ ಗಾಜು ಹಾಕಿಸಬೇಕಾಯಿತು. ಅದಕ್ಕೂ ಹಬೆ ಬಂತು.

ಕೊನೆಗೆ ನಮ್ಮ ಮನೆಯವರೇ ತನಿಖೆಗೆಂದು ಒಂದು ಬೆಳಿಗ್ಗೆ ಹಿಂದೆ ಕೂತರು. ಹಾಲಿನ ಬೂತು ದಾಟುವಷ್ಟರಲ್ಲಿ ರೋಗ ಪತ್ತೆಯಾಯಿತು.

"ಗಾಡಿ ಹತ್ತಿದಾಗಿಂದ ಬಾಯಿ ಮುಚ್ಚಿಲ್ಲ ನೀನು. ಮಫ್ಲರ್ ಒಳಗೆ ಆಡಿದ್ ಮಾತೆಲ್ಲ ಹಬೆಯಾಗಿ ಕನ್ನಡಕಕ್ಕೆ ಹೋಗ್ತಾ ಐತೆ. ಬಾಯಿ ಮುಚ್ಕೊಂಡ್ ಓಡ್ಸು, ಅಷ್ಟೇ."

ನಿಜ ಹೇಳಬೇಕೆಂದರೆ ಅವರ ಮಾತು ಸರಿಯಾಗಿತ್ತು. ಅದೇ ಸಂಕಟ. ಬಾಯಿ ಮುಚ್ಚಿ ಓಡಿಸಿದೆ, ಗಾಜು ಬಹುಮಟ್ಟಿಗೆ ತಿಳಿಯಾಗಿಯೇ ಇತ್ತು.

ಮರುದಿನ ಅಕ್ಕನನ್ನು ಕೂರಿಸಿಕೊಂಡು ಮೂಕಬಸವನ ಹಾಗೆ ಹೋದೆ. ಹಿಂದಿನಿಂದ ಅವಳು ಏನೋ ಕೇಳಿದಳು, ತಲೆ ಅಲ್ಲಾಡಿಸಿದೆ. ಇನ್ನೇನೋ ಕೇಳಿದಳು, ಮತ್ತೆ ತಲೆ ಅಲ್ಲಾಡಿಸಿದೆ. ಗುಡಿಯಲ್ಲಿ ಹುಗ್ಗಿಯ ದೊನ್ನೆ ಕೈಗೆ ಬಂತು, ಅಕ್ಕ ಬಾಯಿಗಿಡಲಿಲ್ಲ. ಜಗಲಿಯ ಮೇಲೆ ಕೂತು ಅಳತೊಡಗಿದಳು. ನನಗೆ ಗಾಬರಿಯಾಯಿತು. ಹುಗ್ಗಿಯನ್ನು ಕೈಯಲ್ಲಿ ಹಿಡಿದುಕೊಂಡು ಅಳುವ ಹೆಂಗಸಲ್ಲ ಅವಳು.

"ನನ್ ಮೇಲೆ ಬೇಜಾರಾ?" ಅಂದಳು.

ಹಬೆ, ಬಾಯಿ, ತೀರ್ಪು ಎಲ್ಲವನ್ನೂ ವಿವರಿಸಿದೆ. ಅಕ್ಕ ಮೂಗೊರೆಸಿಕೊಂಡು ಸಿಟ್ಟಾದಳು.

"ನಾನೇನ್ ಶಿವನ್ನ ನೋಡಕ್ಕೆ ಬರ್ತೀನಾ? ಮನೆ ತುಂಬ ಜನ ಅವ್ರೆ ಕಣೇ, ಮಗ, ಸೊಸೆ, ಮೊಮ್ಮಕ್ಕಳು. ಜೋರಾಗಿ ಕೆಮ್ಮುದ್ರೂ ಎಲ್ರಿಗೂ ಕೇಳುತ್ತೆ. ಸೊಸೇನ ಬೈಯೋಕೆ ನಂಗೆ ನಿನ್ ಗಾಡಿ ಬಿಟ್ರೆ ಇನ್ನೆಲ್ಲೈತೆ ಜಾಗ? ನೀನು ಹೂಂ ಅನ್ನದೆ ಹೋದ್ರೆ ನಾನೊಬ್ಳೇ ಎಷ್ಟ್ ಬೈಯ್ಲಿ?"

ವಾಪಸು ಬರುವಾಗ ಮಫ್ಲರನ್ನು ಬಿಚ್ಚಿ ಅವಳಿಗೆ ಕೊಟ್ಟೆ, ಹೆಲ್ಮೆಟ್ಟಿನ ಗಾಜನ್ನು ಮೇಲಕ್ಕೆತ್ತಿದೆ. ಚಳಿಗಾಳಿ ಮೂಗನ್ನು ಕಿತ್ತುಕೊಂಡು ಹೋಗುವಂತೆ ಬೀಸಿತು. ಹಬೆ ನಿಲ್ಲುವುದಕ್ಕೆ ಜಾಗವೇ ಇರಲಿಲ್ಲ. ಮಂಡಿ ಮೊಹಲ್ಲಾ ಬರುವವರೆಗೆ ಅಕ್ಕ ಸೊಸೆಯನ್ನು ಬೈದಳು, ನಾನು ಗಂಡನನ್ನು ಬೈದೆ. ಅಷ್ಟು ಸುಖವಾಗಿ ಗಾಡಿ ಓಡಿಸಿ ಎಷ್ಟೋ ದಿನವಾಗಿತ್ತು.

ಮನೆಗೆ ಬಂದಾಗ ಮೂಗು ಕೊಳಾಯಿಯಂತೆ ಸೋರುತ್ತಿತ್ತು. ಸತತವಾಗಿ ಸೀನಿದೆ. ನಮ್ಮ ಮನೆಯವರು ಗಾಡಿಯ ಕೀ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು.

"ಬೀಳೋದ್ ತಪ್ತು, ಈಗ ನ್ಯುಮೋನಿಯಾ ತರ್ತೀಯ. ನಾಳೆಯಿಂದ ನಾನೇ ಕಾರಲ್ಲಿ ಇಬ್ರುನ್ನೂ ಕರ್ಕೊಂಡ್ ಹೋಗ್ತೀನಿ. ಬೆಚ್ಚಗೆ ಕೂತ್ಕೊಳಿ."

"ಕಾರಲ್ಲಿ ನೀವಿರ್ತೀರಲ್ಲ," ಅಂದೆ. "ನಿಮ್ಮನ್ನ ಬೈಯೋದ್ ಹೆಂಗ್ರೀ?"

ತಮಾಷೆ ಅಂದುಕೊಂಡು ನಗುತ್ತಾರೆ ಅಂತ ಕಾದೆ. ನಗಲಿಲ್ಲ. ಅಕ್ಕ ಅತ್ತದ್ದನ್ನೂ, ಅವಳು ಹೇಳಿದ್ದನ್ನೂ ಒಂದೂ ಬಿಡದೆ ಹೇಳಿದೆ. ಆಮೇಲೆ ಜೇಬಿನಿಂದ ಕೀ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಸರಿ ಬುಡು, ನಿಂಗೆ ಅಕ್ಕ ಅವ್ರೆ," ಅಂದರು. "ನಿನ್ನ ಬೈಬೇಕು ಅನ್ಸಿದ್ರೆ ನಾನ್ ಯಾರತ್ರ ಹೋಗ್ಲಿ?"