ಯಾರನ್ನ ಹಿಡೀಬೇಕು ಹೇಳಿ

ನಮ್ಮ ಬೆಳೆಗಾರರ ಸಂಘದ ಅಧ್ಯಕ್ಷರ ಬಳಿ ಜಗತ್ತಿನ ಎಲ್ಲ ತೊಂದರೆಗೂ ಒಂದೇ ಪ್ರಶ್ನೆ ಇತ್ತು: ಯಾರನ್ನ ಹಿಡೀಬೇಕು? ಟ್ರಾನ್ಸ್‌ಫಾರ್ಮರ್ ಸುಟ್ಟರೂ ಅದೇ, ಆಲೂರಿನ ಕಚೇರಿಯಲ್ಲಿ ಪಹಣಿ ತಿದ್ದುಪಡಿ ನಿಂತರೂ ಅದೇ. ಬಹಳ ಸಲ ಹಿಡಿಯಲು ಯಾರಾದರೂ ಸಿಕ್ಕಿಬಿಡುತ್ತಿದ್ದರು. ಅವರ ತಲೆ ಕೆಟ್ಟಿದ್ದೇ ಅದರಿಂದ. ನಾನು ದೋಣಿಗಲ್ ರಸ್ತೆಯ ಆ ಸಂಘದ ಕಚೇರಿಯಲ್ಲಿ ಕಂಪ್ಯೂಟರ್ ಮತ್ತು ರಫ್ತಿನ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದೆ. ಅಂದರೆ ಅಧ್ಯಕ್ಷರು ಕೆಡಿಸಿದ್ದನ್ನು ಸರಿ ಮಾಡುತ್ತಿದ್ದೆ.

ಆ ವರ್ಷ ಹೆಗ್ಗದ್ದೆ ಕಡೆಯ ಒಬ್ಬ ಹೆಂಗಸಿನ ಕಾಫಿ ಸ್ಯಾಂಪಲ್ ಹೊರದೇಶದ ಖರೀದಿದಾರನಿಗೆ ಹಿಡಿಸಿತ್ತು. ಸಣ್ಣ ತೋಟ, ಹಣ್ಣು ಆರಿಸುವುದೂ ಒಣಗಿಸುವುದೂ ಅವರೇ. ಅವರ ಕಾಫಿಯನ್ನಷ್ಟೇ ಬೇರೆಯಾಗಿ ಕೊಂಡು, ಚೀಲದ ಮೇಲೆ ಅವರ ಹೆಸರನ್ನೇ ಹಾಕಿ ಮಾರುತ್ತೇನೆಂದು ಆತ ಬರೆದಿದ್ದ. ಶುಕ್ರವಾರದೊಳಗೆ ಸಂಘದ ಅಧಿಕೃತ ವಿಳಾಸದಿಂದ ಒಪ್ಪಿಗೆಯ ಮೇಲ್ ಹೋಗಬೇಕು. ಹೋಗದಿದ್ದರೆ ಆ ಕಾಫಿ ಎಲ್ಲರ ಕಾಫಿಯ ಜೊತೆ ರಾಶಿಗೆ ಬೀಳುತ್ತದೆ.

ಸೋಮವಾರ ಕಳಿಸಿದ ಮೇಲ್ ಕಣ್ಣು ಮಿಟುಕಿಸುವಷ್ಟರಲ್ಲಿ ವಾಪಸ್ ಬಂತು. ನಮ್ಮ ಸರ್ವರ್‌ನ ಐಪಿ ವಿಳಾಸ ಕಪ್ಪುಪಟ್ಟಿಯಲ್ಲಿದೆ ಎಂಬ ಸಾಲು ಅದರಲ್ಲಿತ್ತು. ಮೇಲ್ ಬಾಗಿಲಿಗೆ ಬಂದಾಗ ಆ ಕಡೆಯ ಸರ್ವರ್ ಮೊದಲು ಇಂಥ ಪಟ್ಟಿಯನ್ನು ಕೇಳುತ್ತದೆ: ಈ ವಿಳಾಸದವನು ಕಸ ಕಳಿಸುವವನೇ? ಹೌದು ಎಂದರೆ ಒಳಗಿನ ಕಾಗದ ಓದುವ ಗೋಜಿಗೇ ಹೋಗುವುದಿಲ್ಲ. ನನ್ನ ಸ್ವಂತ ವಿಳಾಸದಿಂದ ಕಳಿಸಿದೆ. ಅಧಿಕೃತ ವಿಳಾಸವಲ್ಲದ ಮೇಲ್ ಪರಿಗಣಿಸುವುದಿಲ್ಲ ಎಂಬ ಯಾಂತ್ರಿಕ ಉತ್ತರ ಬಂತು. ಫೋನಿನಲ್ಲೂ ಯಂತ್ರವೇ ಮಾತಾಡಿತು.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಧ್ಯಕ್ಷರು ಯಾರೋ ದಲ್ಲಾಳಿಯಿಂದ ಸಾವಿರಾರು ವಿಳಾಸ ಕೊಂಡು, ತಮ್ಮ ಹೋಂಸ್ಟೇ ಜಾಹೀರಾತನ್ನು ಸಂಘದ ಸರ್ವರ್‌ನಿಂದ ಕಳಿಸಿದ್ದರು. ಮಂಜು, ಜಲಪಾತ, ನಡುವೆ ಸಫಾರಿ ಟೋಪಿ ಹಾಕಿದ ಅಧ್ಯಕ್ಷರು. ಇಂಥ ವಿಳಾಸಗಳ ನಡುವೆ ಯಾರೂ ಬಳಸದ, ಯಾರಿಗೂ ಕೊಡದ ಕೆಲವು ವಿಳಾಸಗಳನ್ನು ಪಟ್ಟಿಯವರು ಬಲೆಯಾಗಿ ಬಿಟ್ಟಿರುತ್ತಾರೆ. ಅಲ್ಲಿಗೆ ಮೇಲ್ ಬಂದರೆ ಕಳಿಸಿದವನು ಯಾರನ್ನೂ ಕೇಳದೆ ಕಳಿಸಿದ್ದಾನೆ ಎಂದೇ ಅರ್ಥ. ನಮ್ಮ ಮಹಾಶಯರು ಆ ಬಲೆಗೆ ಟೋಪಿ ಸಮೇತ ಬಿದ್ದಿದ್ದರು.

ಇದನ್ನೆಲ್ಲ ಬಿಡಿಸಿ ಹೇಳಿದೆ. ಅವರು ಕಾಫಿ ಹೀರಿ, "ಅದೆಲ್ಲ ಇರ್ಲಿ ಮಾರಾಯ್ರೇ, ಪಟ್ಟಿ ಯಾರ ಕೈಲೈತೆ? ಯಾರನ್ನ ಹಿಡೀಬೇಕು ಹೇಳಿ" ಎಂದರು. ಹಿಡಿಯಲು ಯಾರೂ ಇಲ್ಲ, ಕಸ ಕಳಿಸುವುದು ನಿಲ್ಲಿಸಿ ಆಮೇಲೆ ಅರ್ಜಿ ಹಾಕಬೇಕು, ಅದು ಪುಕ್ಕಟೆ ಎಂದೆ. ಪುಕ್ಕಟೆ ಎಂದದ್ದೇ ತಪ್ಪಾಯಿತು, ಅವರಿಗೆ ನಂಬಿಕೆಯೇ ಹೋಯಿತು. ಶಾಸಕರ ಆಪ್ತನೊಬ್ಬನಿಗೆ ಫೋನ್ ಹೋಯಿತು. "ಐಪಿ ಸಾಹೇಬರಿಗೆ" ಕೊಡಲೆಂದು ಎರಡು ಕೆಜಿ ಕಾಳುಮೆಣಸು ಕಟ್ಟಿಸಿದರು. ನಾನು ಎದ್ದು ಬಂದು ಕಂಪ್ಯೂಟರ್ ಮುಂದೆ ಕೂತೆ.

ಜಾಹೀರಾತು ಕಳಿಸುವ ದಾರಿಯನ್ನು ಮುಚ್ಚಿದೆ. ಪಟ್ಟಿಯವರ ಪುಟದಲ್ಲಿ ಇದ್ದದ್ದನ್ನು ಇದ್ದಂತೆ ಬರೆದೆ: ತಪ್ಪು ನಮ್ಮದು, ನಿಲ್ಲಿಸಿದ್ದೇವೆ. ಬುಧವಾರ ಸಂಜೆ ನಮ್ಮ ವಿಳಾಸವನ್ನು ತೆಗೆದರು. ಆ ಸುದ್ದಿ ಎಲ್ಲ ಸರ್ವರ್‌ಗಳಿಗೂ ಮುಟ್ಟಲು ಕೆಲವು ಗಂಟೆ ಬೇಕು, ಬೆಳಿಗ್ಗೆ ಕಳಿಸೋಣ ಎಂದು ಅಧ್ಯಕ್ಷರಿಗೆ ತಿಳಿಸಿ ಮನೆಗೆ ಹೋದೆ.

ಗುರುವಾರ ಬಂದು ಕಳಿಸಿದರೆ ಮೇಲ್ ಮತ್ತೆ ವಾಪಸ್. ಅಧ್ಯಕ್ಷರು ನನಗಿಂತ ಮೊದಲೇ ಬಂದು ಖುಷಿಯಾಗಿ ಕೂತಿದ್ದರು. ಸಂಘದ ಪಾಸ್‌ವರ್ಡ್‌ಗಳೆಲ್ಲ ಅವರ ಬಳಿಯೂ ಇದ್ದವು, ನಾನು ಮುಚ್ಚಿದ ದಾರಿಯನ್ನು ಅವರೇ ತೆರೆದಿದ್ದರು. "ನಾನ್ ಹೇಳಿಸ್ದೆ, ಕ್ಲಿಯರ್ ಮಾಡ್ಬುಟ್ರು. ಅದ್ಕೇ ಜಾಹೀರಾತು ಎಲ್ರಿಗೂ ಇನ್ನೊಂದ್ ಸಲ ಹೊಡ್ದೆ" ಎಂದರು. ಮಾತು ಕೊಟ್ಟು ಮುರಿದವರಿಗೆ ಪಟ್ಟಿಯವರು ಎರಡನೇ ಸಲ ಅಷ್ಟು ಸುಲಭಕ್ಕೆ ಬಾಗಿಲು ತೆರೆಯುವುದಿಲ್ಲ. ಒಂದು ವಾರ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ ಎಂದು ಪುಟದಲ್ಲಿ ಬರೆದಿತ್ತು. ನನಗೆ ಆ ಮನುಷ್ಯನ ಮುಖ ನೋಡಲು ಹೇಸಿಗೆಯಾಯಿತು.

ವಾರ ಕಳೆದು ಮೇಲ್ ತಲುಪಿದಾಗ ಖರೀದಿದಾರ ಬೇರೆ ಕಡೆ ಕೊಂಡಾಗಿತ್ತು. ಆ ಕಾಫಿಯ ಚೀಲಗಳನ್ನು ಸಂಘದ ಸ್ಟೋರ್‌ನಲ್ಲಿ ಬಿಚ್ಚುವ ದಿನ ಹೆಗ್ಗದ್ದೆಯ ಆ ಹೆಂಗಸು ಬಂದಿದ್ದರು. ಅಧ್ಯಕ್ಷರು ಬಾಗಿಲಲ್ಲೇ ನಿಂತು, ಇದೆಲ್ಲ ಹೊರದೇಶದವರ ಕಂಪ್ಯೂಟರ್ ದೋಷ, ಮುಂದಿನ ವರ್ಷ ನೋಡೋಣ ಎಂದು ಸಮಾಧಾನ ಹೇಳಿದರು. ಆಕೆ ಅವರನ್ನು ದಾಟಿ ಒಳಗೆ ಹೋದರು. ತಮ್ಮ ಕಾಫಿಯನ್ನು ರಾಶಿಗೆ ಸುರಿಯುವುದನ್ನು ಕೊನೆಯ ಚೀಲದವರೆಗೂ ನಿಂತು ನೋಡಿದರು. ಆಮೇಲೆ ಬಗ್ಗಿ ಒಂದು ಹಿಡಿ ಎತ್ತಿಕೊಂಡು, ಬೆರಳಲ್ಲಿ ಕಾಳು ಕಾಳಾಗಿ ಬಿಡಿಸಿ ನೋಡಿ, ನನ್ನ ಕಡೆ ತಿರುಗಿದರು.

"ಯಾವ್ದು ನಂದು ಅಂತ ಈಗ ನನ್ಗೇ ಗೊತ್ತಾಯ್ತಿಲ್ಲ ಕಣ್ರೀ" ಎಂದರು.