ಚೆಕಿಂಗ್ ಮಾವನ ಗಿರಣಿ

ನಮ್ಮತ್ತೆಯ ಗಂಡ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಕೆಲಸದಲ್ಲಿದ್ದವರು. ಊರಿಗೆಲ್ಲ ಅವರು ಚೆಕಿಂಗ್ ಮಾವ. ನಡುದಾರಿಯಲ್ಲಿ ಕೈ ಅಡ್ಡ ಹಿಡಿದು ಬಸ್ ನಿಲ್ಲಿಸಿ, ಹಿಂದಿನ ಬಾಗಿಲಿಂದ ಹತ್ತಿ, ಬಾಯಿ ತೆರೆದು ಮಲಗಿದವರನ್ನು ಎಬ್ಬಿಸಿ ಟಿಕೆಟ್ ಕೇಳುವುದರಲ್ಲಿ ಅವರಿಗೊಂದು ಸುಖವಿತ್ತು. ಟಿಕೆಟ್ ಇಲ್ಲದ ಯಾರಾದರೂ ಸಿಕ್ಕ ದಿನ ಮನೆಯಲ್ಲಿ ಒಂದು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದರು. ಎಲ್ಲರ ಹತ್ತಿರವೂ ಟಿಕೆಟ್ ಇದ್ದ ದಿನ ಅವರಿಗೆ ಊಟ ರುಚಿಸುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ನಿಲ್ಲಿಸಲು ಬಸ್ಸಿರಲಿಲ್ಲ, ಮನೆಯೊಂದಿತ್ತು. ಹಾಲಿನವನ ಅಳತೆ ಪಾತ್ರೆಯ ತಳಕ್ಕೆ ಬೆರಳು ಹಾಕಿ ಎಲ್ಲಾದರೂ ಉಬ್ಬಿದೆಯೇ ಎಂದು ನೋಡುವುದು, ಸೋಪು ಇಷ್ಟು ಬೇಗ ಹೇಗೆ ಸವೆಯಿತು ಎಂದು ವಿಚಾರಣೆ ನಡೆಸುವುದು, ಕಸದ ಬುಟ್ಟಿಯಿಂದ ಆಲೂಗಡ್ಡೆ ಸಿಪ್ಪೆ ಎತ್ತಿ ಬೆಳಕಿಗೆ ಹಿಡಿದು ಅದರ ದಪ್ಪ ಪರೀಕ್ಷಿಸುವುದು, ಹೀಗೆ ದಿನ ಕಳೆಯುತ್ತಿತ್ತು. ಒಂದು ಬೆಳಿಗ್ಗೆ ಬಚ್ಚಲಮನೆಯ ಬಾಗಿಲು ತಟ್ಟಿ, ಒಳಗಿದ್ದ ಅತ್ತೆಯನ್ನು ಇದು ಎಷ್ಟನೇ ಚೊಂಬು ಎಂದು ಕೇಳಿದರಂತೆ. ಅತ್ತೆ ತಲೆ ಒಣಗುವ ಮೊದಲೇ ಅಪ್ಪನ ಔಷಧದ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತಳು. ನಾನು ಅಲ್ಲೇ ಮಾತ್ರೆಯ ಡಬ್ಬಿಗಳನ್ನು ಜೋಡಿಸುತ್ತಿದ್ದೆ.

"ಇವರಿಗೊಂದು ಕೆಲಸ ಹುಡುಕಿಕೊಡು," ಎಂದಳು ಅಪ್ಪನಿಗೆ. "ಇಲ್ಲಾಂದ್ರೆ ನನಗೊಂದು ಮನೆ ಹುಡುಕಿಕೊಡು."

ಅಪ್ಪನಿಗೆ ಗಿರಣಿಯ ನೆನಪಾದದ್ದು ಆಗ. ಅಜ್ಜನ ಆಸ್ತಿ ಪಾಲಾದಾಗ ಮನೆ ಅತ್ತೆಯ ಅಕ್ಕ ದೊಡ್ಡತ್ತೆಗೆ ಹೋಗಿತ್ತು, ಅಂಗಡಿ ಅಪ್ಪನಿಗೆ ಬಂದಿತ್ತು. ಕಾಲುವೆ ದಂಡೆಯ ಹಳೆಯ ನೀರಿನ ಗಿರಣಿಯನ್ನು ಅತ್ತೆಗೆ ಕೊಟ್ಟು, ಅಜ್ಜನ ನೆನಪು ನಿನ್ನ ಹತ್ತಿರವೇ ಇರಲಿ ಎಂದು ದೊಡ್ಡತ್ತೆ ಬಹಳ ಉದಾರವಾಗಿ ಹೇಳಿದ್ದಳು. ಪೇಟೆಯಲ್ಲಿ ಕರೆಂಟಿನ ಗಿರಣಿ ಬಂದ ಮೇಲೆ ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ಮೇಲಿನ ಕೋಣೆಯಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು. ಕೆಳಗೆ ಮರದ ಚಕ್ರದ ಹಲಗೆಗಳು ಕೊಳೆತು ಅಣಬೆ ಎದ್ದಿತ್ತು. ಕಲ್ಲುಗಳು ಮಾತ್ರ ಇದ್ದಲ್ಲೇ ಇದ್ದವು, ಹೊತ್ತೊಯ್ಯುವ ಕಳ್ಳ ಹುಟ್ಟಿರಲಿಲ್ಲ.

ಗಿರಣಿಯನ್ನು ಸರಿಪಡಿಸುವಂಥವರು ಮನೆತನದಲ್ಲಿ ನೀವೊಬ್ಬರೇ ಎಂದು ಅಪ್ಪ ಭಾವನಿಗೆ ಹೇಳಿದರು. ಮಾವ ಅದನ್ನು ನೇಮಕಾತಿ ಆದೇಶವೆಂದೇ ತಿಳಿದರು. ಮರುದಿನವೇ ಹಳೆಯ ಖಾಕಿ ಅಂಗಿ ತೊಟ್ಟು, ಜೇಬಿಗೆ ಟಾರ್ಚ್ ಸಿಕ್ಕಿಸಿಕೊಂಡು ಕಾಲುವೆ ದಂಡೆಗೆ ಹೊರಟರು. ಅತ್ತೆ ಬಾಗಿಲು ಹಾಕಿಕೊಂಡು ಮಧ್ಯಾಹ್ನದವರೆಗೆ ನಿದ್ದೆ ಮಾಡಿದಳು.

ಮಾವ ಮೊದಲು ಪಾರಿವಾಳಗಳನ್ನು ಓಡಿಸಿದರು. ಆಮೇಲೆ ಬಡಗಿಯನ್ನು ಕರೆಸಿ ಚಕ್ರ ಕಟ್ಟಿಸಿದರು. ಹಲಗೆ ಹೀಗಿಡು, ಮೊಳೆ ಹಾಗೆ ಹೊಡೆ, ಈ ಕೋನ ಸರಿಯಿಲ್ಲ ಎಂದು ಬೆಳಗಿನಿಂದ ಸಂಜೆಯವರೆಗೆ ಅವನ ಬೆನ್ನ ಹಿಂದೆ ನಿಂತು ಹೇಳುತ್ತಲೇ ಇದ್ದರು. ಬಡಗಿಗೆ ಕಿವಿ ಮಂದ. ಆದ್ದರಿಂದ ಚಕ್ರ ಚೆನ್ನಾಗಿಯೇ ಬಂತು.

ಕಲ್ಲುಗಳ ಕೆಲಸಕ್ಕೆ ಬಂದ ಮೇಸ್ತ್ರಿಯ ಕಿವಿ ಚುರುಕಾಗಿತ್ತು, ಎಡವಟ್ಟಾದದ್ದು ಅಲ್ಲಿಯೇ. ಮೇಲಿನ ಕಲ್ಲನ್ನು ಸರಪಳಿ ರಾಟೆಗೆ ಕಟ್ಟಿ ಎತ್ತಿ ಮಗುಚಿ ಹಾಕಿದಾಗ ಎರಡು ಕಲ್ಲುಗಳ ಮೈಮೇಲೂ ಗೀರುಗಳು, ಸಣ್ಣ ಸಣ್ಣ ಗುಳಿಗಳು ಕಂಡವು. ಮಾವ ಟಾರ್ಚ್ ಬಿಟ್ಟು ನೋಡಿ ಮುಖ ಕಿವುಚಿದರು. ಇಷ್ಟು ವರ್ಷ ಯಾರೂ ನಿಗಾ ಇಡದೆ ಕಲ್ಲು ಸಿಡುಬು ಬಂದ ಮುಖದ ಹಾಗಾಗಿದೆ ಎಂದರು. ಮೇಸ್ತ್ರಿ ನೆಲಕ್ಕೆ ಪಾಲಿಶ್ ಮಾಡುವವನು, ಮೆಷಿನ್ ಜೊತೆಗೇ ತಂದಿದ್ದ. ಸಾಹೇಬ್ರೆ, ಈ ಗೀರು ಇದೆಯಲ್ಲ, ಎಂದು ಅವನು ಬಾಯಿ ತೆಗೆಯುವಷ್ಟರಲ್ಲಿ ಮಾವ, ನಿನಗೇನು ಗೊತ್ತು, ಹೇಳಿದಷ್ಟು ಮಾಡು ಎಂದರು. ಅವನು ಹೇಳಿದಷ್ಟು ಮಾಡಿದ. ಸ್ವಲ್ಪ ಹೆಚ್ಚಾಗಿಯೇ ಮಾಡಿದ. ಎರಡು ಕಲ್ಲುಗಳೂ ಕನ್ನಡಿಯ ಹಾಗೆ ಹೊಳೆದವು. ಕಲ್ಲನ್ನು ಮತ್ತೆ ಮಗುಚುವ ಮೊದಲು ಮಾವ ಅದರಲ್ಲಿ ನೋಡಿಕೊಂಡು ಮೀಸೆ ತೀಡಿಕೊಂಡರು.

ಗಿರಣಿ ತೆರೆಯುವ ದಿನ ಬೀದಿಯ ಜನರೆಲ್ಲ ಬಂದಿದ್ದರು. ನಾವೂ ಇದ್ದೆವು. ಮಾವ ಶುದ್ಧತೆಯ ಬಗ್ಗೆ, ಕರೆಂಟಿನ ಗಿರಣಿಯವನ ಅಪ್ರಾಮಾಣಿಕತೆಯ ಬಗ್ಗೆ, ಶಿಸ್ತಿಲ್ಲದ ಜನರ ಬಗ್ಗೆ ಮಾತಾಡಿದರು. ಮಕ್ಕಳು ಅಳಲು ಶುರುಮಾಡಿದ ಮೇಲೆ ಮಾತು ನಿಲ್ಲಿಸಿ ಮರದ ತೊಟ್ಟಿಗೆ ಜೋಳ ಸುರಿದರು. ಬಡಗಿ ಹೊರಗೆ ತೂಬು ಎತ್ತಿದ. ನೀರು ಚಕ್ರದ ಮೇಲೆ ಬಿತ್ತು, ಚಕ್ರ ತಿರುಗಿತು, ಮೇಲಿನ ಕಲ್ಲು ಗಂಭೀರವಾಗಿ ಸುತ್ತತೊಡಗಿತು. ಅತ್ತೆಗೂ ಕಣ್ಣಲ್ಲಿ ಸ್ವಲ್ಪ ನೀರು ಬಂತು. ಅಂಚಿನಿಂದ ಮೊದಲ ಹಿಟ್ಟು ಬೀಳುವುದನ್ನು ಹಿಡಿಯಲು ಮಾವ ಹೊಸ ಬಿಳಿ ಬಟ್ಟೆ ಒಡ್ಡಿ ಕುಳಿತಿದ್ದರು.

ಬಿದ್ದದ್ದು ಜೋಳ. ಹೋದದ್ದು ಹೋದ ಹಾಗೇ ಹೊರಗೆ ಬರುತ್ತಿತ್ತು. ಒಂದೆರಡು ಕಾಳು ಚಪ್ಪಟೆಯಾಗಿದ್ದವು, ಎಲ್ಲವೂ ಬೆಚ್ಚಗಿದ್ದವು. ನಿವೃತ್ತ ಮೇಷ್ಟ್ರೊಬ್ಬರು ಒಳ್ಳೆ ಹೊಳಪು ಬಂದಿದೆ ಎಂದು ಹೊಗಳಿದರು. ಉಳಿದವರು ಮಾಡಿನ ತೊಲೆಗಳನ್ನು ನೋಡುತ್ತ ನಿಂತರು. ದೊಡ್ಡತ್ತೆ ಮುಂದೆ ಬಂದು, ಒಂದು ಹಿಡಿ ಕಾಳು ಎತ್ತಿ, ಅಂಗೈಯಲ್ಲಿ ಹರಡಿ ನೋಡಿದಳು.

"ಚೆನ್ನಾಗಿ ಒರೆಸಿ ಕೊಟ್ಟಿದೆ," ಎಂದಳು. "ಇನ್ನು ಇದನ್ನ ಬೀಸಿಸೋದು ಎಲ್ಲಿ?"

ಅಲ್ಲಿಯವರೆಗೆ ನಗು ತಡೆದುಕೊಂಡಿದ್ದವರು ಇನ್ನು ತಡೆಯಲಿಲ್ಲ. ಮಾವ ಎದ್ದು ನಿಂತು ಅಂಗಿಯ ಎರಡೂ ಜೇಬು ತಡಕಾಡಿಕೊಂಡರು, ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರು ಮಾಡುವ ಹಾಗೆ. ಅಷ್ಟು ವರ್ಷ ಬೇರೆಯವರ ಮುಖದಲ್ಲಿ ನೋಡಿ ಖುಷಿಪಟ್ಟ ಬಣ್ಣ ಅವರ ಮುಖಕ್ಕೆ ಬಂದಿತ್ತು.

ಆಮೇಲೆ ಅವರು ಮನೆಯಿಂದ ಹೊರಗೆ ಬರಲಿಲ್ಲ. ಹಾಲಿನವನು ಏನು ಅಳೆದು ಹೋದನೋ ನೋಡಲಿಲ್ಲ. ಸೋಪು ನೀರಲ್ಲೇ ಬಿದ್ದು ಕರಗಿದರೂ ಕೇಳಲಿಲ್ಲ. ಇದನ್ನೇ ಹರಕೆ ಹೊತ್ತು ಕಾಯುತ್ತಿದ್ದ ಅತ್ತೆಗೆ ಈಗ ಹೆದರಿಕೆಯಾಯಿತು. ಸಿಪ್ಪೆಯನ್ನು ಬೇಕೆಂದೇ ದಪ್ಪಗೆ ಹೆರೆದು ಅವರ ಕಣ್ಣಿಗೆ ಬೀಳುವ ಹಾಗೆ ಇಟ್ಟಳಂತೆ. ಅವರು ಅದರತ್ತ ತಿರುಗಲೂ ಇಲ್ಲ. ಅತ್ತೆ ಮತ್ತೆ ಅಂಗಡಿಗೆ ಬಂದು ಇದಕ್ಕೇನಾದರೂ ಮಾತ್ರೆ ಇದೆಯೇ ಎಂದು ಕೇಳಿದಳು. ಅಪ್ಪ ಶಕ್ತಿಯ ಟಾನಿಕ್ ಒಂದನ್ನು ಮಾರಿದರು.

ಕೊನೆಗೆ ಅತ್ತೆಯೇ ಮೇಸ್ತ್ರಿಯನ್ನು ಮನೆಗೆ ಕರೆಸಿದಳು. ಗೀರುಗಳೇ ಬೀಸುಕಲ್ಲಿನ ಹಲ್ಲು, ಕಾಳು ಒಡೆಯುವುದು ಅವುಗಳಿಂದಲೇ ಎಂದು ಅವನು ನಿಧಾನವಾಗಿ ವಿವರಿಸಿದ.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?" ಮಾವನಿಗೆ ಬಹಳ ದಿನದ ಮೇಲೆ ದನಿ ಬಂದಿತ್ತು.

"ನಿನಗೇನು ಗೊತ್ತು ಅಂದ್ರಲ್ಲ ಸಾಹೇಬ್ರೆ. ದೊಡ್ಡವರ ಮಾತು, ಸುಳ್ಳು ಮಾಡೋದು ಬೇಡ ಅಂತ ಸುಮ್ಮನಾದೆ. ಈಗ ಹೇಳಿ, ಹೊಸದಾಗಿ ಹಾಕಿಕೊಡ್ತೀನಿ. ಕೂಲಿ ಮಾತ್ರ ಬೇರೆ."

ಅವನಿಗೆ ಗೊತ್ತಿದ್ದದ್ದೂ ಅಷ್ಟೇ ಎಂಬುದು ಆಮೇಲೆ ತಿಳಿಯಿತು. ನಡುವಿನಿಂದ ಅಂಚಿನ ಕಡೆಗೆ ಓರೆಯಾಗಿ ಸಾಲುಗಳನ್ನು ಕಡಿದ. ಎರಡು ಕಲ್ಲೂ ಒಂದಕ್ಕೊಂದು ಹೊಂದಬೇಕಲ್ಲ ಎಂದು, ಒಂದರಲ್ಲಿ ಬಲಕ್ಕೆ ಓರೆಯಾದದ್ದನ್ನು ಇನ್ನೊಂದರಲ್ಲಿ ಎಡಕ್ಕೆ ಓರೆ ಮಾಡಿದ. ಮಗುಚಿ ಕೂರಿಸಿದಾಗ ಗೀರಿನ ಮೇಲೆ ಗೀರು ಸರಿಯಾಗಿ ಬಂದು ಕೂತಿತು. ತೂಬು ಎತ್ತಿದ್ದೇ ತಡ, ಕಲ್ಲು ಹಳ್ಳಕ್ಕೆ ಬಿದ್ದ ಬಸ್ಸಿನ ಹಾಗೆ ಧಡಧಡ ಕುಣಿಯಿತು. ಕಾಳು ಎರಡು ಹೋಳು, ಮೂರು ಹೋಳು ಆಗಿ ಸಿಡಿದು ಮೇಸ್ತ್ರಿಯ ಹಣೆಗೇ ಬಡಿಯಿತು. ಅವನು ಮೆಷಿನ್ ಹೊತ್ತುಕೊಂಡು ಹೋದವನು ತಿರುಗಿ ಬರಲಿಲ್ಲ.

ಈ ಸಲ ನೋಡಲು ಜನರಿರಲಿಲ್ಲ. ಮೂದಲಿಸುವವರೂ ಇಲ್ಲ, ಬೈಯಲು ಮೇಸ್ತ್ರಿಯೂ ಇಲ್ಲ. ಮಾವ ದಿನವೂ ಗಿರಣಿಗೆ ಹೋಗಿ ಕಲ್ಲಿನ ಮುಂದೆ ಸುಮ್ಮನೆ ಕೂರತೊಡಗಿದರು. ಬಾಯಿ ಮುಚ್ಚಿಕೊಂಡು ಒಂದು ವಸ್ತುವನ್ನು ಅವರು ನೋಡಿದ್ದು ಬಹುಶಃ ಜೀವನದಲ್ಲಿ ಅದೇ ಮೊದಲು. ಒಂದು ಮಧ್ಯಾಹ್ನ ಮನೆಯಲ್ಲಿ ಅತ್ತೆ ಚೀಲ ಹೊಲಿಯಲು ಬಟ್ಟೆ ಕತ್ತರಿಸುತ್ತಿದ್ದಳು. ಮಾವ ಕತ್ತರಿಯನ್ನೇ ದಿಟ್ಟಿಸುತ್ತ ಊಟದ ತಟ್ಟೆ ಸರಿಸಿದರು. ಅಲಗುಗಳು ಒಂದರ ಮೇಲೊಂದು ಕೂರುವುದಿಲ್ಲ, ಒಂದನ್ನೊಂದು ಅಡ್ಡ ಹಾಯುತ್ತವೆ, ಬಟ್ಟೆ ತುಂಡಾಗುವುದು ಆ ಹಾಯುವ ಜಾಗದಲ್ಲಿ. ಎದ್ದು ಎರಡು ಹಾಳೆಗಳ ಮೇಲೆ ಒಂದೇ ರೀತಿಯ ಓರೆ ಗೆರೆ ಎಳೆದು, ಒಂದನ್ನು ಮಗುಚಿ ಇನ್ನೊಂದರ ಮೇಲಿಟ್ಟು ಕಿಟಕಿಯ ಗಾಜಿಗೆ ಹಿಡಿದರು. ಗೆರೆಗಳು ಕತ್ತರಿಯ ಹಾಗೆ ಒಂದನ್ನೊಂದು ದಾಟುತ್ತಿದ್ದವು. ಎರಡು ಕಲ್ಲಿಗೂ ಒಂದೇ ದಿಕ್ಕಿನ ಓರೆ ಇರಬೇಕಿತ್ತು, ಅಷ್ಟೇ.

"ನೋಡಿಲ್ಲಿ," ಎಂದು ಅತ್ತೆಯನ್ನು ಕರೆದರು. ಅತ್ತೆಗೆ ಏನೂ ಅರ್ಥವಾಗಲಿಲ್ಲ. ಆದರೂ ನೋಡಿದಳು.

ಉಳಿ ಸುತ್ತಿಗೆ ಕೊಂಡು ತಾವೇ ಕಡಿಯಲು ಕೂತರು. ಕೈಯೆಲ್ಲ ಗಾಯ. ಉಳಿಯ ಚೂರುಗಳು ಸಿಡಿದು ಮುಂಗೈಯಲ್ಲಿ ಕರಿ ಚುಕ್ಕೆಗಳಾಗಿ ಉಳಿದವು. ಒಂದು ಕಲ್ಲಿನ ಹಳೆಯ ಸಾಲನ್ನು ಅಳಿಸಿ ಹೊಸದು ಕಡಿದು, ಸಾಲಿನ ನಡುವಿನ ಜಾಗಕ್ಕೆ ಸಣ್ಣಗೆ ಕುಟ್ಟಿ ಒರಟು ಮಾಡುವ ಹೊತ್ತಿಗೆ ಬೇಸಿಗೆ ಕಳೆದಿತ್ತು. ಈ ಸಲ ಹಿಟ್ಟು ಬಂತು. ಮೊದಲ ಹಿಟ್ಟನ್ನು ಮಾವ ಡಬ್ಬಿಯಲ್ಲಿ ತುಂಬಿ, ಸ್ವತಃ ಹೋಗಿ ದೊಡ್ಡತ್ತೆಗೆ ಕೊಟ್ಟು ಬಂದರು. ಹೊಸದಾಗಿ ಕುಟ್ಟಿದ ಕಲ್ಲಿನಲ್ಲಿ ಮೊದಲು ಒಂದಿಷ್ಟು ಹೊಟ್ಟು ಹಾಯಿಸಿ ಕಲ್ಲಿನ ಚೂರು ತೆಗೆಯಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಅದರ ರೊಟ್ಟಿ ಕಚ್ಚಿದಾಗ ದೊಡ್ಡತ್ತೆಯ ಕಟ್ಟಿಸಿದ ಹಲ್ಲಿನ ಮೂಲೆ ಮುರಿಯಿತು. ಅದು ಬೇಕೆಂದು ಮಾಡಿದ್ದಲ್ಲ ಎಂದು ಮಾವ ಇಂದಿಗೂ ಹೇಳುತ್ತಾರೆ. ಹೇಳುವಾಗ ಅವರ ಮುಖ ನೋಡಿದವರು ಯಾರೂ ನಂಬುವುದಿಲ್ಲ.

ಗಿರಣಿ ಸರಿಹೋದದ್ದು ಹೀಗೆ. ಹಿಟ್ಟಿಗೆ ಒಳ್ಳೆಯ ಪರಿಮಳವಿತ್ತು, ಜನ ಬರತೊಡಗಿದರು. ಮಾವ ಸರಿಹೋಗಿರಲಿಲ್ಲ. ಬಾಗಿಲಲ್ಲಿ ನಿಂತು ಬಂದವರ ಚೀಲಕ್ಕೆ ಮೊಣಕೈವರೆಗೆ ಕೈ ಹಾಕುವುದು, ಕಾಳು ಕಚ್ಚಿ ನೋಡುವುದು, ಇದು ಒಣಗಿಲ್ಲ, ಇದರಲ್ಲಿ ಹುಳ, ಇದು ಕಳೆದ ವರ್ಷದ್ದು, ನಡೀರಿ ವಾಪಸ್ಸು ಎನ್ನುವುದು. ಸಾಲಿನಲ್ಲಿ ನಿಂತವರ ನಡುವೆ ಯಾರಾದರೂ ನುಸುಳಿದರೆ ಹಿಡಿದು ಹೊರಗೆ ಹಾಕುವ ಸಂತೋಷವಂತೂ ಹೇಳತೀರದು. ಒಂದು ವಾರದಲ್ಲಿ ಅರ್ಧ ಜನ ಕರೆಂಟಿನ ಗಿರಣಿಗೆ ಮರಳಿದರು. ಅಲ್ಲಿಯವನು ಕದಿಯುತ್ತಿದ್ದ ನಿಜ, ಆದರೆ ನಗುನಗುತ್ತ ಕದಿಯುತ್ತಿದ್ದ.

ಅತ್ತೆ ಒಂದು ಬೆಳಿಗ್ಗೆ ಕುರ್ಚಿ ತಂದು ಬಾಗಿಲಲ್ಲಿ ಹಾಕಿಕೊಂಡು ಕುಳಿತಳು.

"ಜನ ನನ್ನ ಕಡೆ, ಕಲ್ಲು ನಿಮ್ಮ ಕಡೆ," ಎಂದಳು. "ನೀವು ಕಲ್ಲಿಗೆ ಏನು ಬೇಕಾದ್ರೂ ಹೇಳ್ಕೊಳ್ಳಿ, ನಾನು ಅಡ್ಡ ಬರಲ್ಲ."

ಅಂದಿನಿಂದ ಮಾವ ಒಳಗೆ. ಕಲ್ಲಿನ ಸದ್ದು, ಹಿಟ್ಟಿನ ಬಿಸಿ, ತೂಬಿನ ನೀರು, ಎಲ್ಲಕ್ಕೂ ಅವರ ತಪಾಸಣೆ. ಅವೆಲ್ಲ ತಿರುಗಿ ಮಾತಾಡುವುದಿಲ್ಲವಾದ್ದರಿಂದ ಜಗಳವಿಲ್ಲ. ಅತ್ತೆ ಹೊರಗೆ ನಗುತ್ತ, ಹೆಂಗಸರ ಸೊಂಟನೋವು ವಿಚಾರಿಸುತ್ತ ಹಿಟ್ಟು ತೂಗಿದಳು. ಅಪ್ಪ ಅದೇ ಹಿಟ್ಟನ್ನು ಚಂದದ ಪೊಟ್ಟಣಗಳಲ್ಲಿ ತುಂಬಿ ತಮ್ಮ ಅಂಗಡಿಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಗಳ ಪಕ್ಕ ಇಟ್ಟರು. ಡಾಕ್ಟರ ಹೆಂಡತಿ ಅದನ್ನು ಕೊಂಡು, ನಮ್ಮಜ್ಜಿ ಬೀಸುತ್ತಿದ್ದ ಹಿಟ್ಟಿನ ರುಚಿ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಅವರಜ್ಜಿ ಸೇವಂತಿಗೆ ಬಣ್ಣದ ರೇಷ್ಮೆ ಉಟ್ಟು ಕೂತ ಜೋಕಾಲಿಯಿಂದ ಇಳಿದು ಬೀಸುಕಲ್ಲು ಮುಟ್ಟಿದವರೇ ಅಲ್ಲ. ದೊಡ್ಡತ್ತೆ ಮಾತ್ರ, ಈ ಗಿರಣಿಯನ್ನು ತಂಗಿಗೆ ಬಿಟ್ಟುಕೊಟ್ಟದ್ದು ತನ್ನ ತ್ಯಾಗ ಎಂದು ಹೇಳತೊಡಗಿದಳು.

ಹೋದ ವರ್ಷ ಮಾವನಿಗೆ ಜ್ವರ ಹಿಡಿದು ಬಹಳ ದಿನ ಮಲಗಿದರು. ಅವರಿಲ್ಲದೆಯೂ ಗಿರಣಿ ನಡೆಯುತ್ತದೆ ಎಂದು ಅತ್ತೆ ಬೀದಿಗೆಲ್ಲ ಕೇಳುವಂತೆ ಹೇಳಿ ನಡೆಸಿದಳು. ಮೊದಮೊದಲು ನಡೆಯಿತು. ಆಮೇಲೆ ಕಲ್ಲಿನ ಹಲ್ಲು ಸವೆದು ಹಿಟ್ಟು ಕೈ ಸುಡುವಷ್ಟು ಬಿಸಿಯಾಗಿ, ಸುಟ್ಟ ವಾಸನೆ ಹೊತ್ತು ಬೀಳತೊಡಗಿತು. ಡಾಕ್ಟರ ಹೆಂಡತಿ ಪೊಟ್ಟಣ ವಾಪಸು ತಂದರು. ಅಜ್ಜಿಯ ಹೆಸರು ಎತ್ತಲಿಲ್ಲ.

ಅತ್ತೆ ಹಿಟ್ಟನ್ನು ಬಟ್ಟಲಲ್ಲಿ ಹಾಕಿಕೊಂಡು ಮನೆಗೆ ಬಂದು ಮಾವನ ಮಂಚದ ಬಳಿ ನಿಂತಳು. ಮಾವ ಕಣ್ಣು ಮುಚ್ಚಿಯೇ ಇದ್ದರು. ಎಚ್ಚರವಾಗಿದ್ದರೆಂದು ನಮಗೆಲ್ಲ ಗೊತ್ತಿತ್ತು.

"ಕಲ್ಲು ಯಾಕೋ ಸರಿಯಿಲ್ಲ," ಎಂದಳು ಅತ್ತೆ.

"ಯಾಕೋ ಅಂದ್ರೆ?"

"ಬಿಸಿಯಾಗ್ತಿದೆ. ನೀವು ಬಂದು ನೋಡ್ಬೇಕು."

"ಇನ್ನೊಂದ್ಸಲ ಹೇಳು. ಜ್ವರಕ್ಕೆ ಕಿವಿ ಮುಚ್ಚಿಕೊಂಡಿದೆ."

ಅತ್ತೆ ಇನ್ನೊಂದು ಸಲ ಹೇಳಿದಳು. ಮಾವ ಎದ್ದು ಕುಳಿತು, ಹಿಟ್ಟನ್ನು ಬೆರಳಲ್ಲಿ ಉಜ್ಜಿ, ಮೂಸಿ, ಈ ಹಿಟ್ಟು ಮಾರಿದವರ ಮೇಲೆ ಕ್ರಮ ಕೈಗೊಳ್ಳಬೇಕು ಎಂದರು. ಶಾಲು ಸುತ್ತಿಕೊಂಡು, ನಡುಗುವ ಕಾಲಲ್ಲಿ ಗಿರಣಿಗೆ ಹೋಗಿ, ಬಡಗಿಯ ಸಹಾಯದಿಂದ ಕಲ್ಲು ಎತ್ತಿಸಿ ಕುಟ್ಟಲು ಕೂತರು. ನಡುನಡುವೆ ನೀರು ಕೇಳಿದರು, ಬೆನ್ನಿಗೆ ದಿಂಬು ಕೇಳಿದರು, ಅತ್ತೆ ಮಾಡಿದ ತಪ್ಪುಗಳನ್ನು ಒಂದೊಂದಾಗಿ ಎತ್ತಿ ಆಡಿದರು. ಕಲ್ಲು ಮತ್ತೆ ತಿರುಗುವವರೆಗೆ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಳು. ತಣ್ಣನೆಯ ಹಿಟ್ಟು ಬೀಳತೊಡಗಿದ ಮೇಲೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನೋಡಿ, ಇನ್ನು ಮಾತು ಸಾಕು ಎಂದು ಹೇಳಿ, ಹೊರಗೆ ತನ್ನ ಕುರ್ಚಿಗೆ ಹೋದಳು.